ಮೋಡಕ್ಕೆ ಹೆಪ್ಪು ಹಾಕುವ ಧೂಳು

ಏಪ್ರಿಲ್ ಕೊನೆಯ ವಾರ, ಭರಣಿ ಮಳೆ ಹುಟ್ಟಿ ಎರಡು ದಿನವಾಗಿತ್ತು. ಮಂಡ್ಯದ ಹತ್ತಿರದ ನಮ್ಮ ಊರಿನಲ್ಲಿ ಬೆಳಗ್ಗೆಯಿಂದ ಎಂಥ ಸೆಕೆ ಅಂದರೆ, ಬೀದಿ ನಾಯಿಗಳೂ ಬೊಗಳೋದು ಬಿಟ್ಟು ನೀರಿನ ತೊಟ್ಟಿ ಪಕ್ಕದ ಕೆಸರಲ್ಲಿ ಮಲಗಿದ್ದವು. ನಾಲ್ಕು ಗಂಟೆಗೆ ಮೋಡ ಕಟ್ಟಿತು, ಗಾಳಿ ಎದ್ದಿತು, ಕೊಟ್ಟಿಗೆಯ ಶೀಟಿನ ಮೇಲೆ ಯಾರೋ ಜಲ್ಲಿ ಸುರಿದ ಹಾಗೆ ಸದ್ದು. ಆಲಿಕಲ್ಲು. ಹಳಬರು ಆಣೆಕಲ್ಲು ಅಂತಾರೆ.

ಹತ್ತು ನಿಮಿಷದಲ್ಲಿ ಎಲ್ಲ ಮುಗಿಯಿತು. ಬಾಳೆ ಎಲೆಗಳು ಚಿಂದಿಯಾಗಿದ್ದವು, ಮಾವಿನ ಮಿಡಿ ನೆಲದ ತುಂಬ. ಪಕ್ಕದ ಮನೆಯ ಹುಡುಗ ಒಂದು ಲೋಟದ ತುಂಬ ಆಲಿಕಲ್ಲು ಆರಿಸಿಕೊಂಡು ಬಂದು ಕೇಳಿದ: "ಇಷ್ಟು ಸೆಕೆಲಿ ಐಸ್ ಎಲ್ಲಿಂದ ಬಂತು?" ಮೇಲೆ ಚಳಿ ಇರುತ್ತೆ ಕಣೋ ಅಂದೆ. ಅದು ಅರ್ಧ ಉತ್ತರ ಅಂತ ನನಗೂ ಗೊತ್ತಿತ್ತು.

ಲೋಟದಲ್ಲಿದ್ದ ದೊಡ್ಡದೊಂದನ್ನು ತೆಗೆದು ಚಾಕುವಿನಿಂದ ಎರಡು ಹೋಳು ಮಾಡಿದೆವು. ಈರುಳ್ಳಿಯ ಹಾಗೆ ಪದರ ಪದರ. ಒಂದು ಪದರ ಗಾಜಿನಂತೆ ತಿಳಿ, ಇನ್ನೊಂದು ಹಾಲಿನಂತೆ ಬಿಳಿ. ಸರಿಯಾಗಿ ನಡುವೆ ಒಂದು ಸಣ್ಣ ಬಿಳಿ ಚುಕ್ಕೆ. ಆಲಿಕಲ್ಲು ಶುರುವಾದದ್ದು ಆ ಚುಕ್ಕೆಯಿಂದ. ಆ ಚುಕ್ಕೆಯೊಳಗೆ, ಕಣ್ಣಿಗೆ ಕಾಣದಷ್ಟು ಚಿಕ್ಕದಾಗಿ, ಬಹುಶಃ ಒಂದು ಚೂರು ಮಣ್ಣೋ, ಕೊಳೆತ ಎಲೆಯಿಂದ ಎದ್ದ ಒಂದು ಬ್ಯಾಕ್ಟೀರಿಯಾವೋ ಇತ್ತು. ಅದಿಲ್ಲದೆ ಅಷ್ಟು ನೀರು ಐಸ್ ಆಗುವುದು ನಾವಂದುಕೊಂಡಷ್ಟು ಸುಲಭವಲ್ಲ.

ಇಲ್ಲೇ ಒಂದು ತಪ್ಪು ತಿಳಿವಳಿಕೆ ಸರಿ ಮಾಡಿಕೊಳ್ಳಬೇಕು. ನೀರು ಸೊನ್ನೆ ಡಿಗ್ರಿಗೆ ಹೆಪ್ಪುಗಟ್ಟುತ್ತದೆ ಅಂತ ಶಾಲೆಯಲ್ಲಿ ಬರೆಸಿದ್ದರು, ನಾವೂ ಬರೆದು ಮಾರ್ಕ್ಸ್ ತಗೊಂಡಿದ್ದೇವೆ. ನಿಜ ಏನೆಂದರೆ, ಐಸ್ ಕರಗುವುದು ಸೊನ್ನೆ ಡಿಗ್ರಿಗೆ. ನೀರು ಐಸ್ ಆಗುವುದು ಅದಕ್ಕೆ ಮನಸ್ಸು ಬಂದಾಗ. ಸೀಲ್ ಒಡೆಯದ ನೀರಿನ ಬಾಟಲಿಯನ್ನು ಎರಡು ಎರಡೂವರೆ ಗಂಟೆ ಫ್ರೀಜರ್‌ನಲ್ಲಿಟ್ಟು, ಮೆಲ್ಲಗೆ ತೆಗೆದು, ಟೇಬಲ್ ಮೇಲೆ ಟಕ್ ಅಂತ ಕುಟ್ಟಿ ನೋಡಿ. ಅದೃಷ್ಟ ಇದ್ದರೆ ಅಲ್ಲಿಯವರೆಗೆ ನೀರಾಗಿಯೇ ಇದ್ದದ್ದು ಮೇಲಿನಿಂದ ಕೆಳಗಿನವರೆಗೆ ಸರಸರ ಬೆಳ್ಳಗಾಗುತ್ತಾ ಹೋಗುತ್ತದೆ. ಇದನ್ನು ಮೊದಲು ಗಮನಿಸಿ ಬರೆದಿಟ್ಟವನು ಡೇನಿಯಲ್ ಫ್ಯಾರನ್‌ಹೈಟ್, 1724ರಲ್ಲಿ. ಹೌದು, ಜ್ವರ ಬಂದಾಗ ನೂರೊಂದು ನೂರೆರಡು ಅಂತ ಲೆಕ್ಕ ಹಾಕುತ್ತೇವಲ್ಲ, ಅದೇ ಫ್ಯಾರನ್‌ಹೈಟ್.

ನೀರು ಯಾಕೆ ಹೀಗೆ ಹಟ ಹಿಡಿಯುತ್ತದೆ? ಇಂಗ್ಲಿಷಿನಲ್ಲಿ ಇದಕ್ಕೆ ಏನೇನೋ ಹೆಸರಿದೆ. ಕನ್ನಡದಲ್ಲಿ ಉತ್ತರ ಆ ಪದದೊಳಗೇ ಕೂತಿದೆ: ಹೆಪ್ಪು. ಹಾಲನ್ನು ಕಾಯಿಸಿ ಆರಿಸಿ ಇಟ್ಟರೆ ಮೊಸರಾಗುವುದಿಲ್ಲ, ಒಂದು ಚಮಚ ಹೆಪ್ಪು ಹಾಕಬೇಕು. ನೀರಿನದೂ ಅದೇ ಕಥೆ. ತಣ್ಣಗಾದರೆ ಸಾಲದು, ಹೆಪ್ಪು ಬೇಕು. ಹೋಲಿಕೆಯನ್ನು ಪೂರ್ತಿ ಎಳೆಯಬೇಡಿ. ಮೊಸರಿನ ಹೆಪ್ಪು ಜೀವಂತ, ಅದು ಹಾಲಿನಲ್ಲಿ ಮರಿ ಹಾಕುತ್ತಾ ಹೋಗುತ್ತದೆ. ಐಸಿನ ಹೆಪ್ಪು ಸುಮ್ನೆ ಒಂದು ಕಡೆ ಕೂತಿರುತ್ತದೆ, ಬೆಳೆಯುವುದು ಐಸ್.

ಇನ್ನೂ ಹತ್ತಿರದ ಹೋಲಿಕೆ ಬೇಕೆಂದರೆ ಸಕ್ಕರೆ ಕಾರ್ಖಾನೆಗೆ ಹೋಗಬೇಕು. ಮಂಡ್ಯದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಕಬ್ಬಿನ ರಸವನ್ನು ಕಾಯಿಸಿ ಗಟ್ಟಿ ಮಾಡಿ, ಇನ್ನು ಹಿಡಿಸುವುದಿಲ್ಲ ಅನ್ನುವಷ್ಟು ಸಕ್ಕರೆ ಅದರಲ್ಲಿ ತುಂಬಿಕೊಂಡಾಗಲೂ ಹರಳು ತಾನಾಗಿ ಬೇಗ ಕಟ್ಟುವುದಿಲ್ಲ. ಆಗ ಆ ಪಾಕಕ್ಕೆ ನುಣ್ಣಗೆ ಅರೆದ ಸಕ್ಕರೆಪುಡಿಯನ್ನು ಬೀಜವಾಗಿ ಬಿಡುತ್ತಾರೆ. ಒಂದೊಂದು ಪುಡಿಕಣದ ಮೇಲೂ ಸಕ್ಕರೆ ಪದರ ಪದರವಾಗಿ ಕೂತು ಹರಳು ದಪ್ಪವಾಗುತ್ತದೆ. ಕಲ್ಲುಸಕ್ಕರೆಯ ನಡುವೆ ದಾರ ಇರುವುದೂ ಇದೇ ಕಾರಣಕ್ಕೆ. ಚಿಕ್ಕವರಿದ್ದಾಗ ಕಲ್ಲುಸಕ್ಕರೆ ಚೀಪಿ ಚೀಪಿ ಕೊನೆಗೆ ಬಾಯಲ್ಲಿ ಉಳಿಯುತ್ತಿದ್ದ ಆ ದಾರವೇ ಅದರ ಹೆಪ್ಪು.

ಒಳಗಿನ ವಿಷಯ ಇಷ್ಟು. ನೀರಿನಲ್ಲಿ ಅಣುಗಳು ಸಂತೆಯ ಜನರ ಹಾಗೆ ಅಡ್ಡಾದಿಡ್ಡಿ ಓಡಾಡುತ್ತಿರುತ್ತವೆ. ಐಸ್ ಆಗಬೇಕಾದರೆ ಅವು ಆರು ಮೂಲೆಯ ಲೆಕ್ಕದಲ್ಲಿ, ರಂಗೋಲಿಯ ಚುಕ್ಕಿಯ ಹಾಗೆ, ಸಾಲಾಗಿ ನಿಲ್ಲಬೇಕು. ಅಲ್ಲಲ್ಲಿ ಹತ್ತಾರು ಅಣು ಹೀಗೆ ಸಾಲು ಹಿಡಿಯುತ್ತಲೇ ಇರುತ್ತವೆ, ಆದರೆ ಗುಂಪು ತೀರಾ ಚಿಕ್ಕದಾದರೆ ಅಂಚಿನಲ್ಲಿರುವವೇ ಜಾಸ್ತಿ, ಒಳಗಿರುವವು ಕಮ್ಮಿ, ಅಂಚಿನವನ್ನು ಹೊರಗಿನ ಗದ್ದಲ ಎಳೆದುಕೊಂಡು ಹೋಗುತ್ತದೆ, ಗುಂಪು ಒಡೆದುಹೋಗುತ್ತದೆ. ಒಂದು ಅಳತೆ ದಾಟಿದ ಗುಂಪು ಮಾತ್ರ ಉಳಿದು ಬೆಳೆಯುತ್ತದೆ. ಆ ಅಳತೆ ಕೆಲವೇ ನ್ಯಾನೊಮೀಟರ್, ಅಂದರೆ ಒಂದು ಮಿಲಿಮೀಟರಿನ ಹತ್ತು ಲಕ್ಷದ ಕೆಲವು ಪಾಲು. ಚಳಿ ಜಾಸ್ತಿಯಾದಷ್ಟೂ ಆ ಅಳತೆ ಇನ್ನೂ ಚಿಕ್ಕದಾಗುತ್ತದೆ, ದಾಟುವುದು ಸುಲಭವಾಗುತ್ತದೆ. ಯಾವ ಹೆಪ್ಪೂ ಇಲ್ಲದ ಶುದ್ಧ ಮೋಡದ ಹನಿ ತಾನಾಗಿಯೇ ಆ ಗಡಿ ದಾಟುವುದು ಮೈನಸ್ 38 ಡಿಗ್ರಿಯ ಹತ್ತಿರ.

ಮೈನಸ್ 38! ನಿಮ್ಮ ಮನೆಯ ಫ್ರೀಜರ್ ಇರುವುದು ಮೈನಸ್ 18ರಲ್ಲಿ.

ಹಾಗಾದರೆ ಫ್ರೀಜರ್‌ನಲ್ಲಿ ಐಸ್ ಕ್ಯೂಬ್ ಹೇಗೆ ಆಗುತ್ತದೆ ಅಂತ ನೀವು ಕೇಳಬೇಕು. ನಲ್ಲಿ ನೀರಿನಲ್ಲಿ ಕಸ ಇದೆ, ಟ್ರೇಯ ಗೋಡೆಯಲ್ಲಿ ಗೀರುಗಳಿವೆ. ಎಲ್ಲೋ ಒಂದು ಕಡೆ ಒಂದು ಒಳ್ಳೆಯ ಹೆಪ್ಪು ಸಿಕ್ಕರೆ ಇಡೀ ಟ್ರೇ ಮುಗಿಯಿತು. ಮೋಡದಲ್ಲಿ ಆ ಅನುಕೂಲ ಇಲ್ಲ. ಅಲ್ಲಿ ನೀರು ಹನಿ ಹನಿಯಾಗಿ ಹಂಚಿಹೋಗಿದೆ, ಒಂದೊಂದು ಹನಿ ಒಂದು ಮಿಲಿಮೀಟರಿನ ಐವತ್ತನೇ ಒಂದು ಭಾಗದಷ್ಟು ಅಗಲ. ಅರ್ಧ ಲೀಟರ್ ಬಾಟಲಿ ನೀರನ್ನು ಅಂಥ ಹನಿಗಳಾಗಿ ಒಡೆದರೆ ಹತ್ತು ಸಾವಿರ ಕೋಟಿಗಿಂತ ಜಾಸ್ತಿ ಹನಿಗಳಾಗುತ್ತವೆ. ಒಂದು ಪಾತ್ರೆ ಹಾಲಿಗೆ ಒಂದು ಚಮಚ ಹೆಪ್ಪು ಸಾಕು. ಅದೇ ಹಾಲನ್ನು ಸಾವಿರ ಲೋಟಕ್ಕೆ ಹಂಚಿಟ್ಟರೆ ಒಂದೊಂದು ಲೋಟಕ್ಕೂ ಬೇರೆ ಬೇರೆ ಹೆಪ್ಪು ಹಾಕಬೇಕು ಅಲ್ವಾ? ಮೋಡದ ಕಷ್ಟ ಅದು.

ನಮ್ಮ ನೆತ್ತಿಯ ಮೇಲೆ ಇದು ಹೇಗಿರುತ್ತದೆ ನೋಡಿ. ಬೇಸಿಗೆಯಲ್ಲಿ ಮೈಸೂರು ಮಂಡ್ಯದ ಮೇಲೆ ಉಷ್ಣಾಂಶ ಸೊನ್ನೆಗೆ ಇಳಿಯಬೇಕಾದರೆ ಸುಮಾರು 5 ಕಿಲೋಮೀಟರ್ ಮೇಲೆ ಹೋಗಬೇಕು. ಮೈನಸ್ 38 ಸಿಗುವುದು ಹೆಚ್ಚುಕಮ್ಮಿ 10 ಕಿಲೋಮೀಟರ್ ದಾಟಿದ ಮೇಲೆ, ವಿಮಾನಗಳು ಹಾರುವ ಎತ್ತರದಲ್ಲಿ. ಈ ಎರಡರ ನಡುವೆ ಐದು ಕಿಲೋಮೀಟರಿಗೂ ಮಿಕ್ಕಿದ ಒಂದು ಪಟ್ಟಿ ಇದೆ. ಅಲ್ಲಿ ನೀರು ಐಸ್ ಆಗಬಹುದು, ಆದರೆ ಆಗಲೇಬೇಕೆಂದಿಲ್ಲ. ಗುಡುಗಿನ ಮೋಡದ ಹೊಟ್ಟೆ ಇರುವುದೇ ಇಲ್ಲಿ. ಮೈನಸ್ 10, ಮೈನಸ್ 15, ಮೈನಸ್ 20ರಲ್ಲೂ ಕೋಟಿ ಕೋಟಿ ಹನಿಗಳು ನೀರಾಗಿಯೇ ತೇಲುತ್ತಾ, ಹೆಪ್ಪಿಗೆ ಕಾಯುತ್ತಿರುತ್ತವೆ.

ಹೆಪ್ಪು ಎಂಥ ಅಪರೂಪ ಅಂದರೆ ಲೆಕ್ಕ ಕೇಳಿ. ಒಂದು ಲೀಟರ್ ಗಾಳಿಯಲ್ಲಿ ಧೂಳು, ಹೊಗೆ, ಉಪ್ಪು ಎಲ್ಲ ಸೇರಿ ಸುಮಾರು ಹತ್ತು ಲಕ್ಷ ಕಣಗಳಿರುತ್ತವೆ. ಮೈನಸ್ 20 ಡಿಗ್ರಿಯಲ್ಲಿ ಅವುಗಳಲ್ಲಿ ಐಸ್ ಹುಟ್ಟಿಸಬಲ್ಲದ್ದು ಹೆಚ್ಚುಕಮ್ಮಿ ಒಂದು. ಮೈನಸ್ 10ರಲ್ಲಿ ಅದಕ್ಕಿಂತಲೂ ಎಷ್ಟೋ ಕಮ್ಮಿ. ದಸರಾ ದಿನ ಮೈಸೂರಿನಲ್ಲಿ ಸೇರುವ ಜನರಲ್ಲಿ ಒಬ್ಬನೇ ಒಬ್ಬನಿಗೆ ಕೆಲಸ ಗೊತ್ತು, ಮಿಕ್ಕವರೆಲ್ಲ ನೋಡುವವರು, ಹಾಗೆ.

ಇಲ್ಲಿ ಎರಡು ಬೇರೆ ಕೆಲಸಗಳನ್ನು ಒಂದೇ ಅಂತ ಕಲಸಿಕೊಳ್ಳಬಾರದು. ಆವಿ ಹನಿಯಾಗುವುದಕ್ಕೂ ಒಂದು ಕಣ ಬೇಕು. ಆದರೆ ಅದಕ್ಕೆ ಸಮುದ್ರದ ಉಪ್ಪು, ಒಲೆಯ ಹೊಗೆ, ಲಾರಿಯ ಹೊಗೆ ಯಾವುದಾದರೂ ನಡೆಯುತ್ತದೆ, ನೀರನ್ನು ಹೀರುವ ಗುಣವಿದ್ದರೆ ಸಾಕು. ಹನಿ ಐಸ್ ಆಗುವುದಕ್ಕೆ ಬೇಕಾದ ಕಣವೇ ಬೇರೆ ಜಾತಿ. ಉಪ್ಪು ಇಲ್ಲಿ ಪ್ರಯೋಜನಕ್ಕೆ ಬರುವುದಿಲ್ಲ, ನೀರಲ್ಲಿ ಕರಗಿಹೋಗುತ್ತದೆ, ಮೇಲಾಗಿ ಹೆಪ್ಪುಗಟ್ಟುವುದನ್ನು ಇನ್ನಷ್ಟು ತಡ ಮಾಡುತ್ತದೆ. ಐಸಿಗೆ ಬೇಕಾದ್ದು ಕರಗದ, ಗಟ್ಟಿಯಾದ, ನೀರಿನ ಅಣುಗಳು ಬಂದು ಸಾಲಾಗಿ ಕೂರಲು ಸರಿಯಾದ ಜಾಗವಿರುವ ಕಣ. ಅಂಥ ಜಾಗ ಇರುವುದು ಮುಖ್ಯವಾಗಿ ಎರಡು ಕಡೆ, ಕಲ್ಲಿನಲ್ಲಿ ಮತ್ತು ಜೀವದಲ್ಲಿ.

ಮೊದಲು ಕಲ್ಲು. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವಾಗ ದಾರಿ ಬದಿಯ ಬಂಡೆಯನ್ನು ಒಮ್ಮೆ ಹತ್ತಿರದಿಂದ ನೋಡಿ. ಹೇಗೂ ದಮ್ಮು ಕಟ್ಟಿ ಅಲ್ಲಲ್ಲಿ ನಿಲ್ಲಲೇಬೇಕು. ಈ ಬೆಟ್ಟ ಸುಮಾರು 80 ಕೋಟಿ ವರ್ಷ ಹಳೆಯ ಗ್ರಾನೈಟ್. ಅದರಲ್ಲಿ ಬೂದಿ ಬಣ್ಣದ, ಗಾಜಿನಂತೆ ಕಾಣುವ ಚೂರುಗಳು ಬೆಣಚುಕಲ್ಲು. ಕಪ್ಪಗೆ ಮಿನುಗುವುದು ಕಾಗೆಬಂಗಾರದ ಜಾತಿ. ಇವುಗಳ ನಡುವೆ ತಿಳಿ ಗುಲಾಬಿ ಅಥವಾ ಬಿಳಿಚಿದ ಬಣ್ಣದ, ಚಪ್ಪಟೆ ಮುಖದ ದಪ್ಪ ಹರಳುಗಳು ಕಾಣುತ್ತವಲ್ಲ, ಬಿಸಿಲು ಒಂದು ಕೋನದಲ್ಲಿ ಬಿದ್ದಾಗ ಫಳಕ್ಕನೆ ಹೊಳೆಯುತ್ತವಲ್ಲ, ಅದು ಪೊಟ್ಯಾಸಿಯಂ ಫೆಲ್ಡ್‌ಸ್ಪಾರ್. ಮೋಡಕ್ಕೆ ಹೆಪ್ಪು ಹಾಕುವ ಖನಿಜಗಳಲ್ಲಿ ಅದೇ ಹಿರಿಯಣ್ಣ.

ಇದು ಗೊತ್ತಾಗಿ ಬಹಳ ದಿನವಾಗಿಲ್ಲ. ತುಂಬಾ ವರ್ಷ ವಿಜ್ಞಾನಿಗಳು ಜೇಡಿಮಣ್ಣಿನ ಖನಿಜಗಳ ಹಿಂದೆ ಬಿದ್ದಿದ್ದರು, ಕಯೋಲಿನೈಟ್ ಮೊದಲಾದವು. ಗಾಳಿಯ ಧೂಳಿನಲ್ಲಿ ಅವೇ ಜಾಸ್ತಿ ಇರುವುದರಿಂದ ಕೆಲಸ ಮಾಡುವುದೂ ಅವೇ ಇರಬೇಕು ಅಂತ ಲೆಕ್ಕ. 2013ರಲ್ಲಿ ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದ ತಂಡ ಒಂದೊಂದು ಖನಿಜವನ್ನೂ ಬೇರೆ ಬೇರೆಯಾಗಿ ಪುಡಿ ಮಾಡಿ, ನೀರಹನಿಯಲ್ಲಿ ಹಾಕಿ, ತಣ್ಣಗೆ ಮಾಡಿ ನೋಡಿತು. ಧೂಳಿನಲ್ಲಿ ಕಮ್ಮಿ ಪಾಲು ಇರುವ ಪೊಟ್ಯಾಸಿಯಂ ಫೆಲ್ಡ್‌ಸ್ಪಾರ್ ಎಲ್ಲರಿಗಿಂತ ಮುಂದೆ ಇತ್ತು, ಅದೂ ಭಾರಿ ಅಂತರದಲ್ಲಿ. ಸಂಖ್ಯೆಯಲ್ಲಿ ಜಾಸ್ತಿ ಇರುವವನೇ ಕೆಲಸ ಮಾಡುತ್ತಿರಬೇಕು ಅಂದುಕೊಳ್ಳುವುದು ಆಫೀಸಿನಲ್ಲೂ ತಪ್ಪು, ಮೋಡದಲ್ಲೂ ತಪ್ಪು.

ಫೆಲ್ಡ್‌ಸ್ಪಾರ್‌ನಲ್ಲೂ ಇಡೀ ಮೈಯೆಲ್ಲ ಹೆಪ್ಪಲ್ಲ. ಜರ್ಮನಿಯ ಕಾರ್ಲ್ಸ್‌ರೂ ಊರಿನವರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗೆ ಫೆಲ್ಡ್‌ಸ್ಪಾರ್ ಇಟ್ಟು ಅದರ ಮೇಲೆ ಐಸ್ ಹುಟ್ಟುವುದನ್ನು ನೋಡಿದಾಗ, ಐಸ್ ಹರಳುಗಳೆಲ್ಲ ಬಿರುಕು, ಮೆಟ್ಟಿಲು, ಸಣ್ಣ ಗುಂಡಿಗಳಲ್ಲೇ ಹುಟ್ಟುತ್ತಿದ್ದವು, ಮತ್ತೆ ಎಲ್ಲವೂ ಒಂದೇ ದಿಕ್ಕಿಗೆ ಮುಖ ಮಾಡಿ ಬೆಳೆಯುತ್ತಿದ್ದವು. ಹರಳು ಸಾಮಾನ್ಯವಾಗಿ ಹೊರಗೆ ತೋರಿಸದ ಒಂದು ಮುಖ ಆ ಬಿರುಕುಗಳಲ್ಲಿ ಮಾತ್ರ ಸ್ವಲ್ಪ ಸ್ವಲ್ಪ ಬಯಲಾಗಿರುತ್ತದೆ. ಐಸಿಗೆ ಬೇಕಾದ್ದು ಆ ಮುಖ. ಅಂದರೆ ನುಣುಪಾಗಿರುವ ಕಲ್ಲಿಗಿಂತ ಒಡೆದು ಬಿರುಕು ಬಿಟ್ಟ ಕಲ್ಲೇ ಇಲ್ಲಿ ಕೆಲಸದ್ದು.

ಇಲ್ಲೊಂದು ವಿಚಿತ್ರ ಇದೆ, ನನಗೆ ತುಂಬಾ ಇಷ್ಟವಾದದ್ದು. ಫೆಲ್ಡ್‌ಸ್ಪಾರ್ ಮಳೆ ಬಿಸಿಲಿಗೆ ಸಿಕ್ಕಿ ಸಾವಿರಾರು ವರ್ಷ ನೆನೆದು ಕೊಳೆತರೆ ಏನಾಗುತ್ತದೆ ಗೊತ್ತಾ? ಕಯೋಲಿನೈಟ್ ಜೇಡಿ. ಅಂದರೆ ಮಳೆ ಚೆನ್ನಾಗಿ ಬೀಳುವ ನೆಲದಲ್ಲಿ ಒಳ್ಳೆಯ ಹೆಪ್ಪು ಸವೆದು ಸಾಧಾರಣ ಹೆಪ್ಪಾಗುತ್ತಾ ಹೋಗುತ್ತದೆ. ನಮ್ಮ ಕೆಮ್ಮಣ್ಣಿನ ಕಥೆ ಅದು. ಮಳೆಯೇ ಇಲ್ಲದ ಮರುಭೂಮಿಯಲ್ಲಿ ಫೆಲ್ಡ್‌ಸ್ಪಾರ್ ಕೆಡದೆ ಹಾಗೇ ಉಳಿದಿರುತ್ತದೆ, ಧೂಳಾಗಿ ಎದ್ದು ಹೋಗುತ್ತದೆ. ಬೇಸಿಗೆಯಲ್ಲೂ ಮುಂಗಾರಿನ ಹೊತ್ತಿನಲ್ಲೂ ಅರೇಬಿಯಾದ ಮರಳುಗಾಡಿನ ಧೂಳು ಸಮುದ್ರ ದಾಟಿ ಭಾರತದ ಮೇಲೆ ಬರುತ್ತದೆ, ಉತ್ತರಕ್ಕೆ ರಾಜಸ್ಥಾನದ ಥಾರ್ ಬೇರೆ. ಸಹಾರಾದ ಧೂಳು ಅರ್ಧ ಭೂಮಿ ಸುತ್ತಿ ಕ್ಯಾಲಿಫೋರ್ನಿಯಾದ ಬೆಟ್ಟಗಳ ಹಿಮದಲ್ಲಿ ಸಿಕ್ಕಿದೆ, 2013ರಲ್ಲಿ ಅದರ ವರದಿ ಬಂತು. ಮಳೆ ಕಾಣದ ನೆಲ ಊರೂರಿನ ಮೋಡಕ್ಕೆ ಹೆಪ್ಪು ಕಳಿಸುತ್ತದೆ.

ಆದರೆ ಧೂಳಿಗೆ ಒಂದು ಮಿತಿ ಇದೆ. ಅದು ಚೆನ್ನಾಗಿ ಕೆಲಸ ಮಾಡುವುದು ಮೈನಸ್ 15 ಡಿಗ್ರಿಗಿಂತ ಕೆಳಗೆ. ಮೈನಸ್ 5, ಮೈನಸ್ 8ರಂಥ "ಬೆಚ್ಚಗಿನ" ಜಾಗದಲ್ಲಿ ಐಸ್ ಕಂಡರೆ ಬೇರೆ ಯಾರೋ ಕೈ ಹಾಕಿದ್ದಾರೆ ಅಂತ ಅರ್ಥ.

ಆ ಬೇರೆ ಯಾರೋ ಸಿಕ್ಕಿದ್ದು ಕೊಳೆತ ಎಲೆಯಲ್ಲಿ. 1970ರ ದಶಕದ ಶುರುವಿನಲ್ಲಿ ಅಮೆರಿಕದ ವಯೋಮಿಂಗ್‌ನಲ್ಲಿ ಗಾಬೊರ್ ವಾಲಿ ಮತ್ತು ರಸೆಲ್ ಶ್ನೆಲ್ ಮಣ್ಣಿನ ಮಾದರಿಗಳನ್ನು ಪರೀಕ್ಷೆ ಮಾಡುತ್ತಿದ್ದರು. ಎಲೆ, ಹುಲ್ಲು ಕೊಳೆತು ಸೇರಿದ್ದ ಮಣ್ಣು ಬರೀ ಮಣ್ಣಿಗಿಂತ ಎಷ್ಟೋ ಬೆಚ್ಚಗಿನ ಉಷ್ಣಾಂಶದಲ್ಲೇ ನೀರನ್ನು ಹೆಪ್ಪುಗಟ್ಟಿಸುತ್ತಿತ್ತು. ಅದೇ ಹೊತ್ತಿಗೆ ವಿಸ್ಕಾನ್ಸಿನ್‌ನಲ್ಲಿ ಸ್ಟೀವನ್ ಲಿಂಡೋ ಮತ್ತು ಜೊತೆಗಾರರು ಮುಸುಕಿನ ಜೋಳದ ಗಿಡಗಳ ಮೇಲೆ ಕೆಲಸ ಮಾಡುತ್ತಿದ್ದರು. ರೋಗ ಹತ್ತಿದ ಒಣ ಎಲೆಯ ಪುಡಿ ಉದುರಿಸಿದ ಗಿಡಗಳು ಚಳಿಗೆ ಸಾಯುತ್ತಿದ್ದವು, ಪುಡಿ ಬೀಳದ ಗಿಡಗಳು ಅದೇ ಚಳಿಯಲ್ಲಿ ಚೆನ್ನಾಗಿದ್ದವು. ಎರಡೂ ದಾರಿ ಹೋಗಿ ಸೇರಿದ್ದು ಒಂದೇ ಜೀವಿಗೆ: ಸ್ಯೂಡೋಮೊನಾಸ್ ಸಿರಿಂಗೆ ಅನ್ನುವ ಬ್ಯಾಕ್ಟೀರಿಯಾ.

ಸ್ಯೂಡೋಮೊನಾಸ್ ಅಂದ ಕೂಡಲೇ ನಮ್ಮ ರೈತರಿಗೆ ನೆನಪಾಗುವುದು ಬೀಜೋಪಚಾರದ ಪುಡಿ. ಅದು ಈ ಬ್ಯಾಕ್ಟೀರಿಯಾದ ದಾಯಾದಿ, ಬೇರೆ ಜಾತಿ, ಒಳ್ಳೆಯ ಕೆಲಸದ್ದು. ಸಿರಿಂಗೆ ಎಲೆಗೆ ರೋಗ ತರುವ ಕಿಡಿಗೇಡಿ. ಅದರ ಮೈಯ ಹೊರ ಪದರದಲ್ಲಿ ಒಂದು ಪ್ರೋಟೀನ್ ಇದೆ. 16 ಅಮೈನೋ ಆಮ್ಲಗಳ ಒಂದೇ ಸಾಲು, ಸಣ್ಣಪುಟ್ಟ ಬದಲಾವಣೆಯೊಂದಿಗೆ, ಮತ್ತೆ ಮತ್ತೆ ಹತ್ತಾರು ಸಲ ಬರುತ್ತದೆ, ಮಗ್ಗದಲ್ಲಿ ಒಂದೇ ಅಂಚು ನೇಯ್ದ ಹಾಗೆ. ಆ ಸಾಲಿನ ಮೇಲೆ ನೀರಿನ ಅಣುಗಳು ಬಂದು ಐಸಿನ ಲೆಕ್ಕದಲ್ಲಿ ಸಾಲುಗಟ್ಟುತ್ತವೆ. ಇಂಥ ಪ್ರೋಟೀನುಗಳು ಗುಂಪಾಗಿ ಸೇರಿದ ಜಾಗದಲ್ಲಿ ಮೈನಸ್ 2 ಡಿಗ್ರಿಗೇ ನೀರು ಐಸ್ ಆಗುತ್ತದೆ. ಕಲ್ಲಿನ ಧೂಳಿಗೆ ಕನಸಿನಲ್ಲೂ ಆಗದ ಕೆಲಸ.

ಬ್ಯಾಕ್ಟೀರಿಯಾಕ್ಕೆ ಇದರಿಂದ ಏನು ಲಾಭ? ಎಲೆಯ ಮೇಲಿನ ನೀರು ಬೇಗ ಐಸ್ ಆದರೆ ಆ ಐಸ್ ಎಲೆಯ ಜೀವಕೋಶಗಳನ್ನು ಚುಚ್ಚಿ ಒಡೆಯುತ್ತದೆ, ಒಳಗಿನ ರಸ ಹೊರಗೆ ಬರುತ್ತದೆ, ಊಟ ರೆಡಿ. ಮನುಷ್ಯ ಇದರಲ್ಲೂ ಎರಡು ವ್ಯಾಪಾರ ಕಂಡುಕೊಂಡ. ಸತ್ತ ಬ್ಯಾಕ್ಟೀರಿಯಾದ ಪುಡಿಯನ್ನು ನೀರಿಗೆ ಬೆರೆಸಿ, ಹಿಮದ ಮೇಲೆ ಜಾರುವ ಆಟದ ಬೆಟ್ಟಗಳಲ್ಲಿ ಕೃತಕ ಹಿಮ ಮಾಡುತ್ತಾರೆ. ಇನ್ನೊಂದು ಇದರ ಉಲ್ಟಾ: ಐಸ್ ಪ್ರೋಟೀನಿನ ಜೀನ್ ಕಿತ್ತುಹಾಕಿದ ಬ್ಯಾಕ್ಟೀರಿಯಾವನ್ನು 1987ರಲ್ಲಿ ಕ್ಯಾಲಿಫೋರ್ನಿಯಾದ ಸ್ಟ್ರಾಬೆರಿ ಹೊಲಕ್ಕೆ ಸಿಂಪಡಿಸಿದರು, ಕೆಟ್ಟದ್ದರ ಜಾಗದಲ್ಲಿ ಇದು ಕೂತುಕೊಳ್ಳಲಿ ಅಂತ. ಅಮೆರಿಕದಲ್ಲಿ ಜೀನ್ ಬದಲಾಯಿಸಿದ ಬ್ಯಾಕ್ಟೀರಿಯಾವನ್ನು ಅನುಮತಿ ಪಡೆದು ಬಯಲಿಗೆ ಬಿಟ್ಟ ಮೊದಲ ಪ್ರಯೋಗ ಅದು. ವಿರೋಧಿಸಿದವರು ರಾತ್ರೋರಾತ್ರಿ ಹೋಗಿ ಗಿಡಗಳನ್ನೇ ಕಿತ್ತುಹಾಕಿದ್ದರು.

ಎಲೆಯ ಮೇಲಿನ ಬ್ಯಾಕ್ಟೀರಿಯಾ ಮೋಡಕ್ಕೆ ಹೋಗುವುದು ಹೇಗೆ ಅಂತ ಅನುಮಾನ ಬರಬಹುದು. ಬ್ಯಾಕ್ಟೀರಿಯಾ ಒಂದು ಮಿಲಿಮೀಟರಿನ ಸಾವಿರದ ಒಂದೆರಡು ಪಾಲು ಅಷ್ಟೇ. ಬಿಸಿಲಿಗೆ ಮೇಲೇಳುವ ಗಾಳಿ ಸಾಕು. ಕೀನ್ಯಾದ ಕೆರಿಚೊ ಪ್ರದೇಶದ ಚಹಾ ತೋಟಗಳಲ್ಲಿ ವರ್ಷಕ್ಕೆ ನೂರಕ್ಕೂ ಜಾಸ್ತಿ ದಿನ ಆಲಿಕಲ್ಲು ಬೀಳುತ್ತದೆ ಅಂತ ತಿಳಿದು ಶ್ನೆಲ್ ಅಲ್ಲಿಗೂ ಹೋಗಿದ್ದರು. ಚಹಾ ಕೀಳುವವರು ಓಡಾಡುವಾಗ ಗಿಡದ ಬುಡದ ತರಗೆಲೆ ಪುಡಿ ಎದ್ದು ಗಾಳಿಗೆ ಸೇರುತ್ತಿತ್ತು, ಆ ಪುಡಿ ಒಳ್ಳೆಯ ಹೆಪ್ಪಾಗಿತ್ತು. ಅಮೆರಿಕದ ಬಯಲುಗಳಲ್ಲಿ ಕಟಾವಿನ ಯಂತ್ರ ಓಡುವಾಗಲೂ ಗಾಳಿಯಲ್ಲಿ ಇಂಥ ಹೆಪ್ಪು ಏರುವುದನ್ನು ಅಳೆದಿದ್ದಾರೆ. ನಮ್ಮಲ್ಲೂ ಭತ್ತದ ಕಟಾವಿನ ಹೊತ್ತಿಗೆ ಯಂತ್ರದ ಹಿಂದೆ ಏಳುವ ಧೂಳಿನ ಮೋಡ ನೋಡಿದಾಗೆಲ್ಲ ನನಗೆ ಇದೇ ನೆನಪು.

ಇನ್ನೊಂದು ಚಂದದ ಸುತ್ತು. ಕೊಲರಾಡೊದ ಕಾಡಿನಲ್ಲಿ ಅಳೆದು ನೋಡಿದಾಗ, ಮಳೆ ಬೀಳುವಾಗ ಮತ್ತು ನಿಂತ ಮೇಲೆ ಗಾಳಿಯಲ್ಲಿ ಜೈವಿಕ ಕಣಗಳೂ ಐಸ್ ಹುಟ್ಟಿಸುವ ಕಣಗಳೂ ಹತ್ತು ಪಟ್ಟಿನಷ್ಟು ಏರಿದ್ದವು. ಹನಿ ಬಿದ್ದ ಏಟಿಗೆ ಎಲೆ, ಮಣ್ಣಿನಿಂದ ಅವು ಚಿಮ್ಮುತ್ತವೆ. ಮಳೆ ತಾನೇ ಮುಂದಿನ ಮಳೆಗೆ ಹೆಪ್ಪು ಎತ್ತಿಡುತ್ತದೆ, ಮೊಸರಿನ ಪಾತ್ರೆಯ ತಳದಲ್ಲಿ ಒಂದು ಚಮಚ ಉಳಿಸಿದ ಹಾಗೆ. ಈ ಸುತ್ತನ್ನು ಮೊಂಟಾನಾದ ಡೇವಿಡ್ ಸ್ಯಾಂಡ್ಸ್ 1980ರ ದಶಕದ ಆರಂಭದಲ್ಲೇ ಊಹಿಸಿದ್ದರು. ಆದರೆ ಇದನ್ನು ಹಿಡಿದುಕೊಂಡು "ಬ್ಯಾಕ್ಟೀರಿಯಾ ಮಳೆ ತರಿಸುತ್ತದೆ" ಅಂತ ಫಾರ್ವರ್ಡ್ ಮಾಡಬೇಡಿ. ಭೂಮಿಯ ಒಟ್ಟು ಲೆಕ್ಕದಲ್ಲಿ ಧೂಳಿನ ಪಾಲೇ ದೊಡ್ಡದು. ಬ್ಯಾಕ್ಟೀರಿಯಾ, ಬೂಷ್ಟು, ಪರಾಗದ ಪಾಲು ಕೆಲವು ಜಾಗ, ಕೆಲವು ಕಾಲಕ್ಕೆ, ಅದೂ ಮೋಡದ ಬೆಚ್ಚಗಿನ ಭಾಗದಲ್ಲಿ ಮುಖ್ಯ. ಪರಾಗದ್ದೂ ಒಂದು ತಮಾಷೆ ಇದೆ. ಬರ್ಚ್ ಮರದ ಪರಾಗವನ್ನು ನೀರಲ್ಲಿ ತೊಳೆದು ಕಣಗಳನ್ನು ಸೋಸಿ ತೆಗೆದರೂ ಉಳಿದ ನೀರು ಅಷ್ಟೇ ಚೆನ್ನಾಗಿ ಹೆಪ್ಪುಗಟ್ಟುತ್ತದೆ. ಕೆಲಸ ಮಾಡುವುದು ಕಣವಲ್ಲ, ಅದರ ಮೈಯಿಂದ ಬಿಟ್ಟುಕೊಳ್ಳುವ ದೊಡ್ಡ ಅಣುಗಳು.

ಸರಿ, ಲಕ್ಷಗಟ್ಟಲೆ ಹನಿಗಳಲ್ಲಿ ಒಂದು ಐಸ್ ಆಯಿತು. ಅದರಿಂದ ಏನಾದೀತು ಅಂದರೆ, ಎಲ್ಲವೂ ಆಗುತ್ತದೆ. 1922ರಲ್ಲಿ ಸ್ವೀಡನ್ನಿನ ಟಾರ್ ಬೆರ್ಯೆರೊನ್ ಓಸ್ಲೊ ಹತ್ತಿರದ ಕಾಡಿನ ದಾರಿಯಲ್ಲಿ ನಡೆಯುತ್ತಿದ್ದರು. ಬೆಚ್ಚಗಿನ ದಿನ ಮಂಜು ಮರಗಳ ನಡುವೆ ನೆಲದವರೆಗೂ ಇಳಿದಿರುತ್ತಿತ್ತು. ಚಳಿ ಮೈನಸ್ 5, ಮೈನಸ್ 10 ಆದ ದಿನ ಮಂಜು ನೆಲದಿಂದ ಮೇಲೆಯೇ ನಿಂತುಬಿಡುತ್ತಿತ್ತು, ಮರದ ಕೊಂಬೆಗಳ ತುಂಬ ಐಸ್ ಹರಳು. ಐಸ್ ಮಂಜನ್ನು ಕುಡಿಯುತ್ತಿದೆ ಅಂತ ಅವರಿಗೆ ಹೊಳೆಯಿತು. ಜರ್ಮನಿಯ ವೆಗೆನರ್ 1911ರಲ್ಲೇ ಇದರ ಸುಳಿವು ಕೊಟ್ಟಿದ್ದ. ಐಸಿನ ಮೈಯಿಂದ ಆವಿ ಬಿಡಿಸಿಕೊಂಡು ಹೋಗುವುದು ಕಷ್ಟ, ನೀರಿನಿಂದ ಸುಲಭ. ಮೈನಸ್ 15ರಲ್ಲಿ ಎರಡರ ಆವಿಯ ಒತ್ತಡದಲ್ಲಿ ಸುಮಾರು 14 ಪರ್ಸೆಂಟ್ ವ್ಯತ್ಯಾಸ. ಹಾಗಾಗಿ ಹನಿಗಳ ನಡುವೆ ಒಂದು ಐಸ್ ಹರಳು ಹುಟ್ಟಿದರೆ ಸುತ್ತಲಿನ ಹನಿಗಳು ಆವಿಯಾಗಿ ಬತ್ತುತ್ತವೆ, ಆ ಆವಿ ಹೋಗಿ ಹರಳಿನ ಮೇಲೆ ಕೂರುತ್ತದೆ. ಸುತ್ತಲಿನವರ ಆಸ್ತಿಯೆಲ್ಲ ಒಬ್ಬನ ಹೆಸರಿಗೆ.

ಹರಳು ಭಾರವಾಗಿ ಬೀಳತೊಡಗುತ್ತದೆ, ದಾರಿಯಲ್ಲಿ ಸಿಕ್ಕ ಹನಿಗಳು ಅದಕ್ಕೆ ತಾಗಿ ಅಲ್ಲೇ ಹೆಪ್ಪುಗಟ್ಟುತ್ತವೆ. ಮೈನಸ್ 3ರಿಂದ ಮೈನಸ್ 8ರ ನಡುವೆ ಹೀಗೆ ತಾಗಿದ ಹನಿಗಳು ಸಣ್ಣ ಐಸ್ ಸಿಬಿರುಗಳನ್ನು ಎರಚುತ್ತವೆ ಅಂತ 1974ರಲ್ಲಿ ಹ್ಯಾಲೆಟ್ ಮತ್ತು ಮೊಸಪ್ ತೋರಿಸಿದರು. ಒಂದೊಂದು ಸಿಬಿರೂ ಹೊಸ ಹೆಪ್ಪು. ಹೀಗಾಗಿ ಮೊದಲ ಹೆಪ್ಪು ಅಪರೂಪವಾದರೂ ಐಸ್ ಅಪರೂಪವಾಗಿ ಉಳಿಯುವುದಿಲ್ಲ. ಇದರ ಜೊತೆಗೆ ಪ್ರತಿ ಗ್ರಾಂ ನೀರು ಐಸ್ ಆಗುವಾಗ 80 ಕ್ಯಾಲೊರಿ ಶಾಖ ಹೊರಬಿಡುತ್ತದೆ. ಆ ಶಾಖಕ್ಕೆ ಮೋಡ ಇನ್ನೂ ಮೇಲೆ ಉಬ್ಬುತ್ತದೆ. ಮೇಲೇಳುವ ಗಾಳಿ ಜೋರಾಗಿದ್ದರೆ ಐಸ್ ಉಂಡೆಯನ್ನು ಬೀಳಲು ಬಿಡದೆ ಎತ್ತಿ ಹಿಡಿಯುತ್ತದೆ, ಅದು ಪದರ ಪದರವಾಗಿ ದಪ್ಪವಾಗುತ್ತದೆ. ಹನಿ ತಾಗಿದ ಕೂಡಲೇ ಗಟ್ಟಿಯಾದರೆ ಗಾಳಿಗುಳ್ಳೆ ಸಿಕ್ಕಿಕೊಂಡು ಬಿಳಿ ಪದರ. ನಿಧಾನ ಗಟ್ಟಿಯಾದರೆ ತಿಳಿ ಪದರ. ನಾವು ಚಾಕುವಿನಲ್ಲಿ ಕತ್ತರಿಸಿ ನೋಡಿದ ಈರುಳ್ಳಿ ಇದೇ. ಮೊಂಟಾನಾದಲ್ಲಿ ಆಲಿಕಲ್ಲುಗಳನ್ನು ಪದರ ಪದರ ಕರಗಿಸಿ ನೋಡಿದವರಿಗೆ ಬ್ಯಾಕ್ಟೀರಿಯಾ ಜಾಸ್ತಿ ಸಿಕ್ಕಿದ್ದು ನಡುವಿನ ಚುಕ್ಕೆಯಲ್ಲೇ, 2011ರಲ್ಲಿ ಅದನ್ನು ಹೇಳಿದರು.

ಬೇಸಿಗೆಯ ಗುಡುಗು ಮಳೆಯ ದಪ್ಪ ಹನಿಗಳಲ್ಲಿ ಬಹಳಷ್ಟು ಹೀಗೆ ಐಸಾಗಿ ಹುಟ್ಟಿ, ಐದು ಕಿಲೋಮೀಟರ್ ಕೆಳಗೆ ಬರುವಾಗ ಕರಗಿ ನೀರಾದದ್ದು. ಎಲ್ಲ ಮಳೆಯೂ ಹಾಗಲ್ಲ. ಆಷಾಢದಲ್ಲಿ ಮಡಿಕೇರಿ ಕಡೆ ದಿನವಿಡೀ ಜಿನುಗುವ ಮಳೆಗೆ ಐಸಿನ ಹಂಗು ಅಷ್ಟಾಗಿ ಇಲ್ಲ. ಅಲ್ಲಿನ ಮೋಡ ಸೊನ್ನೆ ಡಿಗ್ರಿಯ ಎತ್ತರ ಮುಟ್ಟದೆಯೇ, ಹನಿಗೆ ಹನಿ ಢಿಕ್ಕಿ ಹೊಡೆದು ದಪ್ಪವಾಗಿ ಸುರಿಯಬಲ್ಲದು. ಕೆಆರ್‌ಎಸ್ ತುಂಬುವುದು ಮುಖ್ಯವಾಗಿ ಆ ಕೊಡಗಿನ ಮುಂಗಾರು ಮಳೆಯಿಂದ.

ಕೆಆರ್‌ಎಸ್ ಮಾತು ಬಂದ ಮೇಲೆ ಮೋಡ ಬಿತ್ತನೆಯ ಮಾತು ಬರಲೇಬೇಕು. ಪೇಪರಿನಲ್ಲಿ ದಿನಾ 124.80 ಅಡಿಗೆ ಇನ್ನೆಷ್ಟು ಅಂತ ನೋಡುವ ಜಿಲ್ಲೆ ನಮ್ಮದು. ಬಿತ್ತನೆ ಅಂದರೆ ಕೈಯಾರೆ ಹೆಪ್ಪು ಹಾಕುವುದು, ಅಷ್ಟೇ. 1946ರ ಬೇಸಿಗೆಯಲ್ಲಿ ಅಮೆರಿಕದ ವಿನ್ಸೆಂಟ್ ಶೇಫರ್ ಒಂದು ಫ್ರೀಜರ್ ಪೆಟ್ಟಿಗೆಯೊಳಗೆ ಉಸಿರು ಊದಿ ಪುಟ್ಟ ಮೋಡ ಮಾಡಿ ಆಡುತ್ತಿದ್ದರು. ಸೆಕೆ ಜಾಸ್ತಿಯಾಗಿ ಪೆಟ್ಟಿಗೆ ತಣ್ಣಗಾಗಲಿಲ್ಲ ಅಂತ ಒಂದು ತುಂಡು ಡ್ರೈ ಐಸ್, ಅಂದರೆ ಗಟ್ಟಿ ಮಾಡಿದ ಕಾರ್ಬನ್ ಡೈಆಕ್ಸೈಡ್, ಹಾಕಿದರು, ಒಳಗೆಲ್ಲ ಐಸ್ ಹರಳು ಮಿನುಗಿತು. ಡ್ರೈ ಐಸ್ ಹೆಪ್ಪಲ್ಲ, ಅದು ಸುತ್ತಲಿನ ಗಾಳಿಯನ್ನು ಮೈನಸ್ 38ಕ್ಕಿಂತ ಕೆಳಗೆ ತಳ್ಳಿಬಿಡುತ್ತದೆ. ಅದೇ ವರ್ಷ ನವೆಂಬರ್ 13ರಂದು ವಿಮಾನದಿಂದ ನಿಜವಾದ ಮೋಡಕ್ಕೆ ಅದನ್ನು ಸುರಿದಾಗ ಮೋಡದಿಂದ ಹಿಮ ಇಳಿಯಿತು. ಜೊತೆಗಾರ ಬರ್ನಾರ್ಡ್ ವೊನೆಗಟ್ ನಿಜವಾದ ಹೆಪ್ಪು ಹುಡುಕಿದರು: ಯಾವ ಹರಳಿನ ಒಳಜೋಡಣೆ ಐಸಿಗೆ ಹತ್ತಿರ ಇದೆ ಅಂತ ಪಟ್ಟಿಗಳನ್ನು ತಡಕಾಡಿ ಸಿಲ್ವರ್ ಅಯೋಡೈಡ್ ಆರಿಸಿದರು. ಮೊದಲ ಸಲ ಕೆಲಸ ಮಾಡಲಿಲ್ಲ, ಪುಡಿ ಶುದ್ಧ ಇರಲಿಲ್ಲ. ಶುದ್ಧವಾದದ್ದು ಸಿಕ್ಕ ಮೇಲೆ ಮೈನಸ್ 6, ಮೈನಸ್ 8ರ ಹೊತ್ತಿಗೇ ಕೆಲಸ ಶುರು.

ಕರ್ನಾಟಕ 2003ರಲ್ಲಿ "ವರುಣ" ಅಂತ, 2017ರ ಆಗಸ್ಟಿನಲ್ಲಿ "ವರ್ಷಧಾರಿ" ಅಂತ ಬಿತ್ತನೆ ಮಾಡಿತು. ಎರಡನೆಯ ಸಲ ವಿಮಾನ ಹೊರಟದ್ದು ಬೆಂಗಳೂರಿನ ಜಕ್ಕೂರಿನಿಂದ. ಪ್ರಯೋಜನ ಆಯಿತಾ ಅಂತ ಅರಳಿಕಟ್ಟೆಯಲ್ಲಿ ಕೇಳಿದರೆ ಎರಡು ಪಕ್ಷ. ನನ್ನ ಅಭಿಪ್ರಾಯ ಸಿಂಪಲ್: ಹಾಲಿಲ್ಲದ ಪಾತ್ರೆಗೆ ಹೆಪ್ಪು ಹಾಕಿದರೆ ಮೊಸರಾಗುವುದಿಲ್ಲ. ಮೋಡವೇ ಇಲ್ಲದ ಬರದ ಆಕಾಶಕ್ಕೆ ಏನು ಎರಚಿದರೂ ದಂಡ. ಮೋಡ ಇದ್ದು, ಅದು ಸೊನ್ನೆಯ ಎತ್ತರ ದಾಟಿ, ಒಳಗೆ ನೀರು ತುಂಬಿ, ಹೆಪ್ಪು ಮಾತ್ರ ಕಮ್ಮಿ ಇದ್ದರೆ ಸಿಲ್ವರ್ ಅಯೋಡೈಡಿಗೆ ಕೆಲಸ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ 2018 ಮತ್ತು 2019ರಲ್ಲಿ ಸೊಲ್ಲಾಪುರದಲ್ಲಿ ಮಾಡಿದ ಪ್ರಯೋಗದಲ್ಲಿ ಸರಾಸರಿ 18 ಪರ್ಸೆಂಟ್ ಮಳೆ ಹೆಚ್ಚಿತು ಅಂತ ವರದಿ ಮಾಡಿದೆ. ಆದರೆ ಅಲ್ಲಿ ಬಳಸಿದ್ದು ಉಪ್ಪಿನ ಜಾತಿಯ ಕ್ಯಾಲ್ಸಿಯಂ ಕ್ಲೋರೈಡ್, ಹನಿ ದಪ್ಪ ಮಾಡುವುದಕ್ಕೆ. ಐಸಿನ ಹೆಪ್ಪಲ್ಲ.

ಪಕ್ಕದ ಮನೆಯ ಹುಡುಗನಿಗೆ ಇಷ್ಟೆಲ್ಲ ಹೇಳುವ ಹೊತ್ತಿಗೆ ಅವನ ಲೋಟದ ಆಲಿಕಲ್ಲು ಕರಗಿ ನೀರಾಗಿತ್ತು, ಹಾಗಾಗಿ ಮಾತು ಸಾಕು ಅಂತ ಮರುದಿನ ಒಂದು ಪ್ರಯೋಗ ಮಾಡಿದೆವು. ಸ್ಟೀಲ್ ತಟ್ಟೆಗೆ ತೆಳ್ಳಗೆ ವ್ಯಾಸಲಿನ್ ಸವರಿ, ಸಿರಿಂಜಿನಿಂದ ಮೂರು ಸಾಲು ಸಣ್ಣ ಹನಿ ಇಟ್ಟೆವು, ಸಾಲಿಗೆ ಹತ್ತು. ಒಂದು ಸಾಲು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು. ಎರಡನೆಯದು ಅದೇ ನೀರಿಗೆ ಕಲ್ಲು ಕೆತ್ತುವವರ ಹತ್ತಿರ ತಂದ ಗ್ರಾನೈಟ್ ಪುಡಿ ಕಲಕಿದ್ದು. ಮೂರನೆಯದು ಮಾವಿನ ಮರದ ಬುಡದ ಕೊಳೆತ ಎಲೆ ನೆನೆಸಿ ಬಟ್ಟೆಯಲ್ಲಿ ಸೋಸಿದ್ದು. ಫ್ರೀಜರ್‌ನಲ್ಲಿಟ್ಟು ಮೇಲೆ ಡಬ್ಬಿ ಮುಚ್ಚಿದೆವು, ಇಲ್ಲದಿದ್ದರೆ ಫ್ರೀಜರ್ ಗೋಡೆಯ ಐಸ್ ಪುಡಿ ಉದುರಿ ಹನಿಗಳ ಮೇಲೆ ಬಿದ್ದು ಆಟ ಕೆಡುತ್ತದೆ. ಮೊದಲ ಸಲ ಹಾಗೇ ಕೆಟ್ಟಿತ್ತು.

ಐದೈದು ನಿಮಿಷಕ್ಕೆ ತೆಗೆದು ನೋಡಿದೆವು. ಮೊದಲು ಬೆಳ್ಳಗಾದದ್ದು ಎಲೆ ನೀರಿನ ಸಾಲು, ಆಮೇಲೆ ಕಲ್ಲುಪುಡಿಯ ಸಾಲು. ಬ್ಯಾಟರಿ ನೀರಿನ ಹತ್ತರಲ್ಲಿ ಮೂರು ಎಲ್ಲಿಂದಲೋ ಕಸ ಸಿಕ್ಕಿ ಐಸ್ ಆದವು, ಏಳು ಅರ್ಧ ಗಂಟೆಯಾದರೂ ತಿಳಿಯಾಗಿ ಮಿನುಗುತ್ತಾ ಕೂತಿದ್ದವು. ಹುಡುಗ ಒಂದು ಗುಂಡುಸೂಜಿಯ ತುದಿಯನ್ನು ಫ್ರೀಜರ್ ಗೋಡೆಯ ಐಸಿಗೆ ಒರೆಸಿ, ಅದರಲ್ಲೊಂದು ಹನಿಗೆ ಮೆಲ್ಲಗೆ ತಾಗಿಸಿದ. ಪಟ್ ಅಂತ ಬೆಳ್ಳಗಾಯಿತು.